ಒಂದನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರಿಗೆ

ನಮ್ಮ ಕುಂಬಳೆ ಕಡೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ. ಮಗು ಮೂರನ್ನೂ ಬೆರೆಸಿದರೆ ಬೈಯಬೇಡಿ. ಒಟ್ಟಿಗೆ ಕಲಿಯುವ ಮಗು ಹಾಗೇ ಮಾತಾಡುವುದು. ತುಳು ನಿಲ್ಲಿಸಲೂ ಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಲ್ಲೇ ಕಲಿಸಿ ಎನ್ನುತ್ತದೆ, ಅಲ್ವಾ?

ನಾನು ಸಂಜೆ ಚಾ ಕುಡಿಯುವಾಗ ಮಗಳಿಂದ ಶಾಲೆಯ ಸುದ್ದಿಯನ್ನು ಮೊದಲು ತುಳುವಿನಲ್ಲೇ ಹೇಳಿಸುತ್ತೇನೆ. ಮಧ್ಯೆ ಬಾಯಿ ಹಾಕುವುದಿಲ್ಲ. ಆಮೇಲೆ ಒಂದು ಪದ ಹಿಡಿದು ಆಟ. ತುಳುವಿನ ಪುಚ್ಚೆ ಕನ್ನಡದಲ್ಲಿ ಬೆಕ್ಕು, ಮಲಯಾಳದಲ್ಲಿ ಪೂಚ್ಚ. ಜಗಲಿಯಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ ‘ಬೆಕ್ಕು’ ಬರೆಯುತ್ತೇನೆ. ಅವಳು ಅದರ ಮೇಲೆ ಹುಣಸೆ ಬೀಜ ಜೋಡಿಸುತ್ತಾಳೆ. ಬೆರಳಿಗೆ ಒಳ್ಳೆ ಹಿಡಿತ ಬರುತ್ತದೆ. ಹತ್ತು ನಿಮಿಷ ಸಾಕು, ಜಾಸ್ತಿ ಎಳೆಯಬೇಡಿ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಬೀಜ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.