ದಾಖಲೆ ಕೈಯಲ್ಲಿಲ್ಲದಿದ್ದರೆ ಪದವಿ ಪ್ರವೇಶಕ್ಕೆ ಸಿದ್ಧವಾಗುವುದು ಹೇಗೆ: ಉತ್ತರ ಕನ್ನಡದ ವಲಸೆ ಕುಟುಂಬಗಳ ವಿದ್ಯಾರ್ಥಿಗಳಿಗೆ

ಬೈತಖೋಲ, ತದಡಿ ಬಂದರುಗಳ ಬೋಟುಗಳಲ್ಲಿ ದುಡಿಯಲು ಹೊರರಾಜ್ಯಗಳಿಂದ ಬಂದವರು, ಶಿರಸಿ, ಸಿದ್ದಾಪುರದ ಅಡಕೆ ತೋಟಗಳಿಗೆ ಬಯಲುಸೀಮೆಯಿಂದ ಬಂದು ನೆಲೆಸಿದವರು, ಗೋಕರ್ಣದ ಹೋಟೆಲುಗಳಲ್ಲಿ ಕೆಲಸಕ್ಕಿರುವ ನೇಪಾಳಿಗಳು, ಮುಂಡಗೋಡಿನ ಟಿಬೆಟನ್ನರು, ಇವರ ಮಕ್ಕಳು ಪಿಯುಸಿ ಮುಗಿಸಿ ಪದವಿ ಕಾಲೇಜಿನ ಕಚೇರಿಗೆ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು “ದಾಖಲೆ ಸರಿಯಿಲ್ಲ” ಎಂಬುದು. ಆದರೆ ಇವರೆಲ್ಲರ ತೊಡಕು ಒಂದೇ ಅಲ್ಲ. ದಾಖಲೆಯೇ ಇಲ್ಲವೋ, ಇದ್ದರೂ ಒಂದಕ್ಕೊಂದು ತಾಳೆಯಾಗುತ್ತಿಲ್ಲವೋ, ಅಥವಾ ಪೌರತ್ವದ ಪ್ರಶ್ನೆಯೇ ಇತ್ಯರ್ಥವಾಗಬೇಕಿದೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳದೆ ಕಚೇರಿಯಿಂದ ಕಚೇರಿಗೆ ಅಲೆದರೆ ಪ್ರವೇಶದ ಅವಧಿ ಮುಗಿದುಹೋಗುತ್ತದೆ.

ತಾಳೆಯಾಗದ ದಾಖಲೆಗಳಿಂದಲೇ ಆರಂಭಿಸುವುದು ಒಳ್ಳೆಯದು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ “ಮಂಜುನಾಥ ಯಲ್ಲಪ್ಪ ಹೊಸಮನಿ” ಎಂದೂ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ “ಮಂಜುನಾಥ ವೈ. ಎಚ್.” ಎಂದೂ, ಆಧಾರ್‌ನಲ್ಲಿ “ಮಂಜು ಯಲ್ಲಪ್ಪ” ಎಂದೂ ಇದ್ದರೆ ವಿದ್ಯಾರ್ಥಿವೇತನದ ತಂತ್ರಾಂಶಕ್ಕೆ ಇವರು ಮೂವರು ಬೇರೆ ಬೇರೆ ಹುಡುಗರು. ಇಂಥ ಸಂದರ್ಭದಲ್ಲಿ ಅಂಕಪಟ್ಟಿಯನ್ನು ಆಧಾರ್‌ಗೆ ಹೊಂದಿಸಲು ಹೊರಡಬಾರದು. ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನೇ ಅಂಕಪಟ್ಟಿಗೆ ಹೊಂದಿಸಬೇಕು, ಏಕೆಂದರೆ ಅಂಕಪಟ್ಟಿಯ ತಿದ್ದುಪಡಿ ಹೆಚ್ಚು ದೀರ್ಘವಾದ ದಾರಿ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ಬದಲಿಸಲು ಅವಕಾಶವಿರುವುದರಿಂದ ಸೇವಾಕೇಂದ್ರದ ಪರದೆಯ ಮೇಲಿನ ಪ್ರತಿ ಅಕ್ಷರವನ್ನೂ ಓದಿದ ನಂತರವೇ ಒಪ್ಪಿಗೆ ಕೊಡಬೇಕು. ಓದಿದ ಎಲ್ಲ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿಟ್ಟುಕೊಂಡರೆ, ಕರ್ನಾಟಕದಲ್ಲಿ ಇಷ್ಟು ವರ್ಷ ಓದಿದ್ದೇನೆ ಎಂದು ತೋರಿಸಬೇಕಾದ ಕಡೆಯಲ್ಲೆಲ್ಲ ಅದು ನೆರವಾಗುತ್ತದೆ. ಬೇರೆ ರಾಜ್ಯದ ಮಂಡಳಿಯಿಂದ ಹನ್ನೆರಡನೆಯ ತರಗತಿ ಮುಗಿಸಿದವರು ಅಲ್ಲಿಂದ ಮೈಗ್ರೇಶನ್ ಸರ್ಟಿಫಿಕೇಟ್ (ಬೇರೆಡೆ ಓದು ಮುಂದುವರಿಸಲು ಆ ಮಂಡಳಿ ಕೊಡುವ ಪತ್ರ) ತರಿಸಿಕೊಂಡು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅರ್ಹತಾ ಪತ್ರದ (ಹೊರಮಂಡಳಿಯ ಪರೀಕ್ಷೆಯನ್ನು ಪ್ರವೇಶಕ್ಕೆ ಒಪ್ಪುವ ಪತ್ರ) ಬಗ್ಗೆ ಕಾಲೇಜಿನಲ್ಲಿ ಮೊದಲೇ ವಿಚಾರಿಸಬೇಕು.

ಜನನ ಪ್ರಮಾಣಪತ್ರವೇ ಇಲ್ಲದಿದ್ದರೆ ಒಂದು ವಿಷಯ ನೆನಪಿರಲಿ: ನೋಂದಣಿ ಆಗಬೇಕಾದದ್ದು ಮಗು ಹುಟ್ಟಿದ ಊರಿನಲ್ಲಿ, ಈಗ ವಾಸವಿರುವ ಊರಿನಲ್ಲಲ್ಲ. ಒಡಿಶಾದಲ್ಲಿ ಹುಟ್ಟಿದವರಿಗೆ ಕಾರವಾರದ ನಗರಸಭೆ ಪ್ರಮಾಣಪತ್ರ ಕೊಡಲಾರದು. ಹುಟ್ಟಿ ಒಂದು ವರ್ಷ ಕಳೆದಿದ್ದರೆ ಮೊದಲು ಅಲ್ಲಿನ ನೋಂದಣಾಧಿಕಾರಿಯಿಂದ ಅಲಭ್ಯತಾ ಪ್ರಮಾಣಪತ್ರ (ಜನನ ದಾಖಲಾಗಿಲ್ಲವೆಂಬ ಪತ್ರ) ಪಡೆಯಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವಿಳಂಬ ನೋಂದಣಿಗೆ ಆದೇಶ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಇದೆ.

ಆಧಾರ್ ಇಲ್ಲವೆಂಬ ಒಂದೇ ಕಾರಣಕ್ಕೆ ನಿರಾಶರಾಗಬೇಕಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ), ಸಿಬಿಎಸ್‌ಇಯಂಥ ಸಂಸ್ಥೆಗಳು ಆಧಾರ್ ಕಡ್ಡಾಯ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಹೇಳಿದೆ. ಸರ್ಕಾರದ ಬೊಕ್ಕಸದಿಂದ ಬರುವ ಸಹಾಯಧನದ ಮಾತು ಬೇರೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶಕ್ಕೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯೂ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯೂ ಬೇಕಾಗುತ್ತದೆ. ಹೊರರಾಜ್ಯದ ಪರಿಶಿಷ್ಟ ಕುಟುಂಬಗಳು ಇಲ್ಲಿ ಎಡವುವುದುಂಟು: ಈಗ ಬಂದು ನೆಲೆಸಿರುವ ರಾಜ್ಯದ ಮೀಸಲಾತಿ ಅವರಿಗೆ ಅನ್ವಯಿಸದು, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೂ ಮೂಲ ರಾಜ್ಯದಲ್ಲಿಯೇ ಕೇಳಬೇಕು. ಕಾಲೇಜು ಕಾರವಾರದಲ್ಲಿದ್ದರೂ ಅರ್ಜಿ ಊರಿಗೇ ಹೋಗಬೇಕೆಂದಾಯಿತು. ಇದನ್ನು ಪ್ರವೇಶದ ದಿನವೇ ಹೇಳುವ ಗುಮಾಸ್ತರು ಸಿಕ್ಕರೆ ಅದು ಪುಣ್ಯ.

ಪೌರತ್ವದ ಪ್ರಶ್ನೆ ಇರುವವರು ಇನ್ನಷ್ಟು ಎಚ್ಚರದಿಂದ ನಡೆಯಬೇಕು. 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ನರು ಇಲ್ಲಿ ವಾಸಿಸಲು ತಮಗೆ ಕೊಟ್ಟಿರುವ ನೋಂದಣಿ ಪ್ರಮಾಣಪತ್ರದ ನವೀಕರಣದ ಅವಧಿ ದಾಟದಂತೆ ನೋಡಿಕೊಳ್ಳಬೇಕು. ಅವರ ಪೈಕಿ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಜನ್ಮತಃ ಪೌರರಾಗಿರುವುದರಿಂದ, ತಂದೆ ಅಥವಾ ತಾಯಿ ಆ ಅವಧಿಯಲ್ಲಿ ಹುಟ್ಟಿದ್ದರೆ ವಿದ್ಯಾರ್ಥಿಯು ತನ್ನ ಸ್ಥಾನವೇನೆಂದು ವಕೀಲರಲ್ಲಿ ವಿಚಾರಿಸುವುದು ಉಚಿತ. ನೇಪಾಳದ ಪ್ರಜೆಗಳಿಗೆ 1950ರ ಭಾರತ-ನೇಪಾಳ ಒಪ್ಪಂದದಂತೆ ಇಲ್ಲಿ ವಾಸಿಸುವ ಹಕ್ಕಿದ್ದು, ತಮ್ಮ ದೇಶದ ನಾಗರಿಕತಾ ಪತ್ರವನ್ನು (ಪೌರತ್ವ ಪ್ರಮಾಣಪತ್ರ) ಅವರು ಜೋಪಾನವಾಗಿಟ್ಟುಕೊಂಡಿರಬೇಕು. ಇವೆರಡೂ ಅಲ್ಲದೆ ಯಾವ ಪರವಾನಗಿಯೂ ಇಲ್ಲದೆ ಗಡಿ ದಾಟಿ ಬಂದ ಕುಟುಂಬದವರು ಅರ್ಜಿ ತುಂಬುವ ಮೊದಲೇ ವಕೀಲರನ್ನು ಕಾಣಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ವಿದೇಶಿ ವಿದ್ಯಾರ್ಥಿಗಳ ಮಾಹಿತಿಯನ್ನು ಶಿಕ್ಷಣ ಸಂಸ್ಥೆಗಳು ವಿದೇಶಿಯರ ನೋಂದಣಾಧಿಕಾರಿಗೆ ಸಲ್ಲಿಸಬೇಕಾಗಿದೆ. ಏಜೆಂಟರು ಮಾಡಿಕೊಡುವ ಸುಳ್ಳು ಕಾಗದ, ಅದೆಷ್ಟೇ ಅಗ್ಗವಾಗಿರಲಿ, ಬೇಡವೇ ಬೇಡ.

ವಕೀಲರಿಗೆ ಕೊಡಲು ಹಣವಿಲ್ಲದವರು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ತಾಲ್ಲೂಕು ನ್ಯಾಯಾಲಯದಲ್ಲಿರುವ ಸಮಿತಿಯನ್ನು ಸಂಪರ್ಕಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಮತ್ತು ನಿಗದಿತ ಆದಾಯ ಮಿತಿಯೊಳಗಿನವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಕಾಲೇಜಿನೊಳಗೆ ಪ್ರಾಂಶುಪಾಲರನ್ನು ಮತ್ತು ವಿದ್ಯಾರ್ಥಿವೇತನದ ಉಸ್ತುವಾರಿ ಅಧಿಕಾರಿಯನ್ನು ನೇರವಾಗಿ ಕಂಡು ಮಾತನಾಡುವುದು ಲೇಸು. ಕೌಂಟರಿನ ಎದುರು ಸಾಲಿನಲ್ಲಿ ನಿಂತು ಮನೆಯ ಕಥೆಯನ್ನೆಲ್ಲ ಹೇಳಬೇಕಾಗಿಲ್ಲ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗಷ್ಟೇ ತೋರಿಸಿ ಹಿಂದಕ್ಕೆ ಪಡೆಯಬೇಕು, ಅವುಗಳನ್ನು ಇಟ್ಟುಕೊಳ್ಳುವಂತಿಲ್ಲವೆಂದು ಯುಜಿಸಿ 2018ರಲ್ಲಿಯೇ ಅಧಿಸೂಚಿಸಿದೆ. ಪ್ರವೇಶ ನಿರಾಕರಿಸಿದರೆ ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಕಾರಣ ಸಹಿತ ಹಿಂಬರಹ (ಲಿಖಿತ ಉತ್ತರ) ಕೇಳಬೇಕು. ಆ ಹಿಂಬರಹವನ್ನು ಲಗತ್ತಿಸಿ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಸಲ್ಲಿಸಿದರೆ, 2023ರ ಯುಜಿಸಿ ನಿಯಮಾವಳಿಯಂತೆ ಸಮಿತಿಯು 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ಅದರಿಂದಲೂ ಸಮಾಧಾನವಾಗದಿದ್ದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು.