ಬೋಟಿಗೆ ಅಪ್ಪ ಅಮ್ಮ ಬರ್ತಾರೆ ಅಂದ್ರೆ ಏನೇನು ತಯಾರಿ ಮಾಡ್ಕೋಬೇಕು

ನಾನು, ನಮ್ಮೆಜಮಾನ್ರು ಇರೋದು 38 ಅಡಿ ಸೇಲ್‌ಬೋಟಲ್ಲಿ, ಚಳಿಗಾಲ ಪೂರ್ತಿ ಥೈಲ್ಯಾಂಡಿನ ಫುಕೆಟ್ ಸುತ್ತಮುತ್ತ. ಇಲ್ಲಿಗೆ ಮೂರು ಸಲ ಊರಿಂದ ಜನ ಬಂದು ಇದ್ದು ಹೋಗಿದಾರೆ, ಎರಡು ಸಲ ತಿಪಟೂರಿಂದ ಅಪ್ಪ ಅಮ್ಮ, ಒಂದ್ಸಲ ಅಕ್ಕ ಭಾವ ಮತ್ತೆ ಅವರ ಇಬ್ರು ಮಕ್ಕಳು. ಸ್ವಂತ ಬೋಟೇ ಆಗ್ಬೇಕು ಅಂತಿಲ್ಲ, ಬಾಡಿಗೆ ಬೋಟಲ್ಲಿ ಮನೆಯವರನ್ನ ಕರ್ಕೊಂಡು ಹೋಗೋರಿಗೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತೆ.

ಮೊದಲನೇ ಸಲ ಏನಾಯ್ತು ಅಂತ ಹೇಳ್ಬಿಡ್ತೀನಿ. ಅಪ್ಪ ಅಮ್ಮ ಹತ್ತು ದಿನಕ್ಕೆ ಬಂದಿದ್ರು, ಪಾಪ ಅಷ್ಟು ದೂರ ಬಂದಿದಾರೆ ಎಲ್ಲಾ ತೋರಿಸ್ಬೇಕು ಅಂತ ನಾನು ಫಿಫಿ, ಲಂಟಾ, ಕೊ ರೋಕ್, ಲೀಪೆ ಅಂತ ದ್ವೀಪಗಳ ದೊಡ್ಡ ಪಟ್ಟಿ ಮಾಡಿಟ್ಟಿದ್ದೆ. ಎರಡನೇ ದಿನಾನೇ ಏಳು ಗಂಟೆ ಪ್ರಯಾಣ, ಅಲೆ ಪಕ್ಕದಿಂದ ಬರ್ತಿತ್ತು, ಬೋಟು ತೊಟ್ಟಿಲ ಥರ ಹೊಯ್ದಾಡ್ತಿತ್ತು. ಅಮ್ಮ ಕಾಕ್‌ಪಿಟ್ಟಿನ (ಬೋಟ್ ಓಡಿಸೋರು ಕೂರೋ ತೆರೆದ ಜಾಗ) ಮೂಲೇಲಿ ಬಕೆಟ್ ತಬ್ಬಿಕೊಂಡು ಸೆರಗು ತಲೆ ಮೇಲೆ ಹೊದ್ಕೊಂಡು ಮಲಗಿದ್ರು, ನಾನು ಹತ್ರ ಹೋದಾಗೆಲ್ಲ "ನಂಗೇನಾಗಿಲ್ಲ ಕಣೇ, ನೀನು ಬೋಟ್ ನೋಡ್ಕೋ ಹೋಗು" ಅಂತಿದ್ರು. ಆ ಮಾತು ಕೇಳಿ ನಂಗೆ ಅಳು ಬಂತು. ಅವರು ದ್ವೀಪ ನೋಡೋಕೆ ಬಂದಿರ್ಲಿಲ್ಲ, ಮಗಳು ಹೆಂಗಿದಾಳೆ, ಏನು ತಿಂತಾಳೆ, ಎಲ್ಲಿ ಮಲಗ್ತಾಳೆ ಅಂತ ನೋಡೋಕೆ ಬಂದಿದ್ರು. ಎರಡನೇ ಸಲ ಬಂದಾಗ ಹತ್ತು ದಿನದಲ್ಲಿ ಒಟ್ಟು ನಲವತ್ತು ನಾಟಿಕಲ್ ಮೈಲಿ ಕೂಡ ಓಡಿಸ್ಲಿಲ್ಲ, ಅಮ್ಮಂಗೆ ಒಂದ್ಸಲಾನೂ ವಾಂತಿ ಆಗ್ಲಿಲ್ಲ.

ಹಾಗಾಗಿ ಮೊದಲು ಮ್ಯಾಪ್ ಚಿಕ್ಕದು ಮಾಡ್ಕೊಳ್ಳಿ. ಒಂದು ನಾಟಿಕಲ್ ಮೈಲಿ ಅಂದ್ರೆ 1.852 ಕಿಲೋಮೀಟರ್, ನಮ್ಮಂಥ ಬೋಟು ಗಂಟೆಗೆ ಐದು ಮೈಲಿ ಹೋದ್ರೆ ಖುಷಿ, ಅಂದ್ರೆ ಸೈಕಲ್ಲಿಗಿಂತ ನಿಧಾನ. ಊರಲ್ಲಿ ಕೂತು ಗೂಗಲ್ ಮ್ಯಾಪ್ ನೋಡೋರಿಗೆ ಇದು ಗೊತ್ತಾಗಲ್ಲ, "ಇಲ್ಲೇ ಪಕ್ಕದಲ್ಲೇ ಇದೆಯಲ್ಲೋ" ಅಂತಾರೆ. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಓಡಿಸ್ಬೇಡಿ, ಒಂದಿನ ಓಡಿಸಿದ್ರೆ ಮಾರನೇ ದಿನ ಪೂರ್ತಿ ಅಲ್ಲೇ ಆ್ಯಂಕರ್ ಹಾಕ್ಕೊಂಡು ಇರಿ. ನಮಗೆ ಇಲ್ಲಿ ಫಾಂಗ್‌ಙಾ ಕೊಲ್ಲಿ ವರದಾನ ಇದ್ದಂಗೆ. ಫುಕೆಟ್ ಈಶಾನ್ಯದ ಆವ್ ಪೋ ಇಂದ ಕೊ ಫನಾಕ್ ದ್ವೀಪ ಹತ್ತು ಮೈಲಿ ಒಳಗೇ ಇದೆ, ಸುತ್ತ ನೀರಿಂದ ನೆಟ್ಟಗೆ ಎದ್ದು ನಿಂತಿರೋ ಸುಣ್ಣದಕಲ್ಲಿನ ಗುಡ್ಡಗಳು, ಅಡಿಯಲ್ಲಿ ಕೆಸರು ಇರೋದ್ರಿಂದ ಆ್ಯಂಕರ್ ಚೆನ್ನಾಗಿ ಕಚ್ಚುತ್ತೆ, ಚಳಿಗಾಲದಲ್ಲಿ ಎಷ್ಟೋ ರಾತ್ರಿ ನೀರು ಕೆರೆ ಥರ ನಿಂತಿರುತ್ತೆ. ಫಿಫಿ ಹೆಸರು ದೊಡ್ಡದು, ಆದ್ರೆ ಅಲ್ಲಿಯ ಟೋನ್ಸಾಯ್ ಕೊಲ್ಲೀಲಿ ಫೆರ್ರಿ, ಸ್ಪೀಡ್‌ಬೋಟ್ ಅಲೆಗೆ ದಿನವಿಡೀ ಕುಲುಕಾಟ, ವಯಸ್ಸಾದವರನ್ನ ಅಲ್ಲಿ ಮಲಗಿಸ್ಬೇಡಿ ಅಂತ ನಾನಂತೂ ಹೇಳ್ತೀನಿ.

ಯಾವಾಗ ಕರೀಬೇಕು ಅನ್ನೋದು ಇನ್ನೊಂದು ತಲೆನೋವು. ಇಲ್ಲಿ ಡಿಸೆಂಬರಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ, ಅದು ನೆಲದ ಕಡೆಯಿಂದ ಬೀಸೋದ್ರಿಂದ ಸಮುದ್ರ ಶಾಂತ. ಮೇ ಇಂದ ಅಕ್ಟೋಬರ್‌ವರೆಗೆ ನೈಋತ್ಯ ಮಾನ್ಸೂನ್, ಅದೇ ನಮ್ಮೂರಿಗೆ ಮಳೆ ತರೋದು, ಇಲ್ಲಿ ಪಶ್ಚಿಮ ತೀರಕ್ಕೆ ದೊಡ್ಡ ಅಲೆ. ತೊಂದರೆ ಏನಂದ್ರೆ ನಮ್ಮೂರ ಮಕ್ಕಳ ಸ್ಕೂಲ್ ರಜಾ ದಸರಾಕ್ಕೆ, ಆಮೇಲೆ ಏಪ್ರಿಲ್ ಮೇ, ಎರಡೂ ಇಲ್ಲಿಯ ಸೀಸನ್ನಿಗೆ ಹೊಂದಲ್ಲ. ಅಕ್ಕನ ಮಕ್ಕಳನ್ನ ನಾವು ಏಪ್ರಿಲ್ ಮೊದಲ ವಾರ ಕರ್ಕೊಂಡ್ವಿ, ಗಾಳಿ ಇರ್ಲಿಲ್ಲ, ಎಂಜಿನ್ ಹಾಕ್ಕೊಂಡೇ ಓಡಾಡಿದ್ವಿ, ಸೆಖೆ ಸಿಕ್ಕಾಪಟ್ಟೆ ಇತ್ತು, ಆದ್ರೂ ಮಾಡ್ಬಹುದು. ಮೇ ಬೇಡ. ಇನ್ನು ಬರೋರಿಗೆ ಜಾಗ ಕೇಳಿ ಇಲ್ಲಾ ದಿನ ಕೇಳಿ, ಇಂಥ ದಿನ ಇಂಥ ದ್ವೀಪದಲ್ಲೇ ಹತ್ತಿಸ್ಕೊಳ್ಳಿ ಅಂದ್ರೆ ಆಗಲ್ಲ ಅಂತ ಟಿಕೆಟ್ ಮಾಡೋ ಮುಂಚೆನೇ ಹೇಳಿ, ಯಾಕಂದ್ರೆ ಆ ಒಂದು ದಿನಾಂಕ ಹಿಡೀಬೇಕು ಅಂತ ಕೆಟ್ಟ ಹವಾಮಾನದಲ್ಲಿ ಹೊರಟು ತೊಂದರೆಗೆ ಸಿಕ್ಕಿಕೊಂಡವರು ಬಹಳ ಜನ. ಬಂದ ಏರ್‌ಪೋರ್ಟಿಂದನೇ ವಾಪಸ್ ಹೋಗೋ ಹಂಗೆ ಮಾಡಿ, ವಿಮಾನದ ಎರಡು ದಿನ ಮುಂಚೆ ಮರಿನಾಗೆ (ಬೋಟ್ ಕಟ್ಟಿ ನಿಲ್ಲಿಸೋ ಬಂದರು) ಬಂದ್ಬಿಡಿ.

ಪೇಪರ್ ಕೆಲಸ: ಮನೆಯವರನ್ನ ಕೂರಿಸ್ಕೊಂಡು ಮಲೇಷ್ಯಾದ ಲಂಕಾವಿ ಕಡೆ ಗಡಿ ದಾಟೋ ಆಸೆ ಬಿಡಿ, ಅವರ ಹೆಸರು ಬೋಟಿನ ಕ್ರೂ ಲಿಸ್ಟಿಗೆ ಸೇರುತ್ತೆ, ಎರಡು ದೇಶದ ಇಮಿಗ್ರೇಷನ್, ಕಸ್ಟಮ್ಸ್, ಹಾರ್ಬರ್ ಆಫೀಸ್ ಸುತ್ತಬೇಕು. ಥೈಲ್ಯಾಂಡಿಗೆ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ, ಇಳಿಯೋಕೆ ಮುಂಚಿನ ಮೂರು ದಿನದ ಒಳಗೆ ಆನ್‌ಲೈನಲ್ಲಿ ತುಂಬಬೇಕು, ದುಡ್ಡು ಕೊಡೋ ಹಾಗಿಲ್ಲ, ದುಡ್ಡು ಕೇಳೋ ವೆಬ್‌ಸೈಟ್ ಬಂದ್ರೆ ಅದು ಅಸಲಿ ಅಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತೆ, ಟಿಕೆಟಿಗೆ ಮುಂಚೆ ಎಂಬಸಿ ಸೈಟ್ ನೋಡ್ಕೊಳ್ಳಿ.

ಲಗೇಜ್ ವಿಷಯ ಗಟ್ಟಿಯಾಗಿ ಹೇಳಿ. ಚಕ್ರದ ಸೂಟ್‌ಕೇಸಿಗೆ ಬೋಟಲ್ಲಿ ಜಾಗಾನೇ ಇಲ್ಲ, ಮಡಚಿ ಹಾಸಿಗೆ ಕೆಳಗೆ ತುರುಕೋ ಬಟ್ಟೆ ಬ್ಯಾಗೇ ಬೇಕು. ರಟ್ಟಿನ ಡಬ್ಬ ಒಳಗೆ ತರಲೇಬಾರದು, ಅದರ ಪದರದಲ್ಲಿ ಜಿರಳೆ ಮೊಟ್ಟೆ ಇರುತ್ತೆ, ಒಂದ್ಸಲ ಬೋಟಿಗೆ ಹತ್ತಿದ್ರೆ ವರ್ಷಗಟ್ಟಲೆ ಹೋಗಲ್ಲ. ಅಮ್ಮ ಹುಳಿಪುಡಿ, ಚಟ್ನಿಪುಡಿ, ಹುರಿದ ರವೆ ಎಲ್ಲಾ ಕಟ್ಟಿಸ್ಕೊಂಡು ಬಂದಿದ್ದ ಡಬ್ಬಾನ ಜೆಟ್ಟಿ ಮೇಲೇ ಬಿಚ್ಚಿ ರಟ್ಟು ಅಲ್ಲೇ ಬಿಸಾಕಿದ್ವಿ. ಬಿಪಿ, ಶುಗರ್ ಮಾತ್ರೆ ಬರೋ ದಿನಕ್ಕಿಂತ ಒಂದು ವಾರ ಜಾಸ್ತಿ ತರಬೇಕು, ಚೀಟಿ ಸಮೇತ, ಕೈ ಬ್ಯಾಗಲ್ಲಿ. ಇನ್ಸುಲಿನ್ ಇದ್ರೆ ಫ್ರಿಜ್ಜಲ್ಲಿ ಒಂದು ಮೂಲೆ ಮೊದಲೇ ಖಾಲಿ ಮಾಡಿಡಿ. ಸೀರೆ ಬೇಡ, ಚೂಡಿದಾರೇ ಸರಿ. ಮೊದಲನೇ ಸಲ ಅಮ್ಮ ಒಪ್ಪಲಿಲ್ಲ, ಡಿಂಗಿಗೆ (ದಡಕ್ಕೆ ಹೋಗಿ ಬರೋ ಸಣ್ಣ ದೋಣಿ) ಇಳಿಯುವಾಗ ನೆರಿಗೆ ಕಾಲಿಗೆ ಸಿಕ್ಕು ನನ್ನ ಮೇಲೇ ಬಿದ್ರು, ಆಮೇಲೆ ಅವರೇ ಚೂಡಿದಾರ್ ಹೊಲಿಸ್ಕೊಂಡು ಬಂದ್ರು.

ಡಿಂಗಿ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ದೊಡ್ಡೋರಿಗೆ ನಿಜವಾದ ಅಪಾಯ ಇರೋದು ಇಲ್ಲೇ. ಬೋಟಿಂದ ಆ ಸಣ್ಣ ರಬ್ಬರ್ ದೋಣಿಗೆ ಇಳಿಯುವಾಗ ಕಾಲು ಅಂಚಿನ ಟ್ಯೂಬ್ ಮೇಲೆ ಇಡಬಾರದು, ಸೀದಾ ನಡುವೆ ಇಟ್ಟು ತಕ್ಷಣ ಕೂತ್ಬಿಡಬೇಕು. ಬೆರಳು ಹಿಡ್ಕೊಂಡ್ರೆ ಜಾರುತ್ತೆ, ನೀವು ಅವರ ಮಣಿಕಟ್ಟು ಹಿಡೀರಿ, ಅವರು ನಿಮ್ಮ ಮಣಿಕಟ್ಟು ಹಿಡೀಲಿ. ಕೈಯಲ್ಲಿ ಬ್ಯಾಗ್, ಚಪ್ಪಲಿ ಏನೂ ಇರಬಾರದು. ಇದನ್ನ ಮೊದಲನೇ ದಿನ ಮರಿನಾದ ನಿಂತ ನೀರಲ್ಲಿ ನಾಲ್ಕೈದು ಸಲ ಹತ್ತಿಸಿ ಇಳಿಸಿ ಅಭ್ಯಾಸ ಮಾಡಿಸಿ. ಮಕ್ಕಳಾದ್ರೆ ಡೆಕ್ ಮೇಲೆ ಬಂದ್ರೆ ಲೈಫ್ ಜಾಕೆಟ್, ಅದಕ್ಕೆ ವಿನಾಯ್ತಿ ಇಲ್ಲ. ರೇಡಿಯೋದಲ್ಲಿ ತುರ್ತಿಗೆ ಸಹಾಯ ಕೇಳೋ 16ನೇ ಚಾನಲ್ ಹೆಂಗೆ ಒತ್ತಬೇಕು, ಎಂಜಿನ್ ಹೆಂಗೆ ನಿಲ್ಲಿಸ್ಬೇಕು ಅಂತ ಒಬ್ಬರಿಗಾದ್ರೂ ಕಲಿಸಿ, ನಮ್ಮಪ್ಪ ಅದನ್ನ ಕನ್ನಡದಲ್ಲಿ ಚೀಟಿ ಬರೆದು ರೇಡಿಯೋ ಪಕ್ಕ ಅಂಟಿಸಿದಾರೆ, ಇವತ್ತಿಗೂ ಇದೆ.

ನೀರಿನ ಏರಿಳಿತಾನೂ ಲೆಕ್ಕಕ್ಕೆ ತಗೊಳ್ಳಿ. ಇಲ್ಲಿ ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಉಬ್ಬರ ಇಳಿತದ ನಡುವೆ ಸುಮಾರು ಮೂರು ಮೀಟರ್ ವ್ಯತ್ಯಾಸ ಬರುತ್ತೆ, ಅಷ್ಟಮಿ ಆದ್ಮೇಲೆ ಒಂದೆರಡು ದಿನ ತುಂಬಾ ಕಮ್ಮಿ. ಒಂದ್ಸಲ ಬೆಳಿಗ್ಗೆ ಡಿಂಗೀನ ದಡಕ್ಕೆ ಕಟ್ಟಿ ಊಟಕ್ಕೆ ಹೋಗಿದ್ವಿ, ಬಂದು ನೋಡಿದ್ರೆ ನೀರು ಇನ್ನೂರು ಹೆಜ್ಜೆ ಹಿಂದೆ ಹೋಗಿದೆ, ಅಪ್ಪ ಪಂಚೆ ಮೇಲೆ ಕಟ್ಟಿ ಮೊಣಕಾಲುದ್ದ ಕೆಸರಲ್ಲಿ ನಡೆದ್ರು. ಅಂದಿನಿಂದ ಅಪ್ಪ ಪಂಚಾಂಗ ತೆಗೆದು ತಿಥಿ ನೋಡಿ ಹೇಳೋಕೆ ಶುರು ಮಾಡಿದ್ರು, ನಾನು ಟೈಡ್ ಟೇಬಲ್ ಜೊತೆ ತಾಳೆ ನೋಡ್ತಿದ್ದೆ, ಸರಿಯಾಗೇ ಬರ್ತಿತ್ತು. ಉಬ್ಬರ ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ ಅಂತಾನೂ ಅವರೇ ಲೆಕ್ಕ ಹಾಕೋರು. ವಯಸ್ಸಾದವರನ್ನ ದಡಕ್ಕೆ ಇಳಿಸೋದಿದ್ರೆ ಆದಷ್ಟೂ ಅಷ್ಟಮಿ ಹತ್ತಿರದ ದಿನಗಳಲ್ಲಿ ಪ್ಲಾನ್ ಮಾಡಿ. ಫನಾಕ್ ಥರ ದ್ವೀಪಗಳ ಹೊಟ್ಟೆಯೊಳಗಿನ ಹೊಂಗ್‌ಗಳಿಗೂ ಇದೇ ಲೆಕ್ಕ. ಹೊಂಗ್ ಅಂದ್ರೆ ಥಾಯ್‌ನಲ್ಲಿ ಕೋಣೆ, ಕತ್ತಲೆ ಗುಹೆ ದಾಟಿ ಹೋದ್ರೆ ಒಳಗೆ ಆಕಾಶ ಕಾಣೋ ಬಾವಿ ಥರ ಜಾಗ. ನೀರು ಏರಿದಾಗ ಗುಹೆ ಬಾಯಿ ಮುಚ್ಚಿಹೋಗುತ್ತೆ, ಒಳಗೆ ಸಿಕ್ಕಿಹಾಕ್ಕೊಂಡ್ರೆ ಗಂಟೆಗಟ್ಟಲೆ ಕಾಯ್ಬೇಕು, ಸ್ಥಳೀಯ ಕಯಾಕ್‌ನೋರನ್ನ ಕೇಳದೆ ಮನೆಯವರನ್ನ ಒಳಗೆ ಕರ್ಕೊಂಡು ಹೋಗ್ಬೇಡಿ.

ವಾಂತಿಗೆ ಮಾತ್ರೆ ಹೊರಡೋಕೆ ಒಂದೆರಡು ಗಂಟೆ ಮುಂಚೆ ತಗೋಬೇಕು, ಶುರುವಾದ್ಮೇಲೆ ತಗೊಂಡ್ರೆ ಹೊಟ್ಟೇಲಿ ನಿಲ್ಲಲ್ಲ. ಯಾವುದು ಅಂತ ಊರಲ್ಲೇ ಅವರ ಡಾಕ್ಟರನ್ನ ಕೇಳಿ ತರಲಿ, ಬೇರೆ ಮಾತ್ರೆ ತಗೊಳ್ಳೋರಿಗೆ ಎಲ್ಲಾ ಆಗಿ ಬರಲ್ಲ. ಹೊರಗೆ ಗಾಳೀಲಿ ಕೂತು ದೂರದ ನೀರು ಆಕಾಶ ಸೇರೋ ಗೆರೆ ನೋಡ್ಬೇಕು, ಕೆಳಗೆ ಕ್ಯಾಬಿನ್‌ಗೆ ಹೋಗಿ ಮೊಬೈಲ್ ನೋಡಿದ್ರೆ ಮುಗೀತು. ಬಾಯಿಗೆ ಒಣ ಶುಂಠಿ, ಉಪ್ಪು ನಿಂಬೆ ಇಟ್ಕೊಳ್ಳಿ.

ಟಾಯ್ಲೆಟ್ ಕೈಪಂಪಿಂದು, ನಾವು ತಿಂದು ಬಂದಿದ್ದು ಬಿಟ್ಟು ಬೇರೆ ಏನೂ ಅದರೊಳಗೆ ಹೋಗಬಾರದು ಅಂತ ಬಂದ ತಕ್ಷಣ ಹೇಳಿ, ಸಂಕೋಚ ಬೇಡ. ಇಪ್ಪತ್ತು ಸಲ ಪಂಪ್ ಮಾಡೋದನ್ನ ತೋರಿಸಿ. ಒಂದು ಮಗ್ ಇಟ್ರೆ ನಮ್ಮ ಜನಕ್ಕೆ ಸಮಾಧಾನ. ನಮ್ಮ ಟ್ಯಾಂಕ್ 400 ಲೀಟರ್, ಊರಿನ ಥರ ಸ್ನಾನ ಮಾಡಿದ್ರೆ ನಾಲ್ಕೇ ದಿನ, ಸಮುದ್ರದಲ್ಲಿ ಮುಳುಗೆದ್ದು ಮೇಲೆ ಮೂರು ಚೊಂಬು ಸಿಹಿನೀರು ಹಾಕ್ಕೊಂಡ್ರೆ ಎರಡು ವಾರ ಬರುತ್ತೆ.

ಅಡುಗೆಮನೆ ಅಮ್ಮಂಗೆ ಬಿಟ್ಕೊಡಿ. ಇದನ್ನ ಮನಸಾರೆ ಹೇಳ್ತಿದೀನಿ, ರೆಸ್ಟ್ ತಗೊಳ್ಳಿ ಅಂತ ಕೂರಿಸಿದ್ರೆ ಅವರಿಗೆ ಪರರ ಮನೇಲಿ ಇದ್ದಂಗೆ ಅನ್ಸುತ್ತೆ. ಕುಕ್ಕರ್ ಬೋಟಿಗೆ ಹೇಳಿ ಮಾಡಿಸಿದ್ದು, ಮುಚ್ಚಳ ಲಾಕ್ ಆಗುತ್ತೆ, ಗ್ಯಾಸ್ ಉಳಿಯುತ್ತೆ, ಸೆಖೆ ಕಮ್ಮಿ. 750 ವ್ಯಾಟ್ ಮಿಕ್ಸಿ 12 ವೋಲ್ಟ್ ಬ್ಯಾಟರಿಯಿಂದ 60 ಆ್ಯಂಪಿಗಿಂತ ಜಾಸ್ತಿ ಎಳೆಯುತ್ತೆ, ಹಾಗಾಗಿ ಸೋಲಾರ್ ಜೋರಾಗಿರೋ ಮಧ್ಯಾಹ್ನವೇ ದೋಸೆಗೆ ರುಬ್ಬಿ ಮುಗಿಸಿ. ಇಲ್ಲಿಯ ಸೆಖೆಗೆ ಹಿಟ್ಟು ಐದಾರು ಗಂಟೇಲೇ ಉಕ್ಕಿ ಬರುತ್ತೆ, ಪಾತ್ರೆ ಅರ್ಧ ಮಾತ್ರ ತುಂಬಿಸಿ, ಮೇಲೆ ತಟ್ಟೆ ಮುಚ್ಚಿ, ಸಿಂಕಿನೊಳಗೆ ಇಡಿ, ಬೋಟು ಅಲುಗಾಡಿದ್ರೂ ಅಲ್ಲೇ ಕೂತಿರುತ್ತೆ. ಅಮ್ಮ ಬೆಳಿಗ್ಗೆ ದೀಪ ಹಚ್ಚೋದೂ ಅದೇ ಸಿಂಕಲ್ಲಿ, ಸ್ಟೀಲ್ ತಟ್ಟೆ ಮೇಲೆ, ಗ್ಯಾಸ್ ವಾಲ್ವ್ ಮುಚ್ಚಿ, ಆ್ಯಂಕರ್ ಹಾಕಿದಾಗ ಮಾತ್ರ.

ದಡದಲ್ಲಿ ಸಸ್ಯಾಹಾರ ಅಂತ ಕೇಳಿದ್ರೆ ಮೀನಿನ ಸಾಸ್ ಬಿದ್ದಿರೋ ತರಕಾರಿ ಬರಬಹುದು. "ಜೇ" ಅಂತ ಕೇಳಿ, ಹಳದಿ ಬಾವುಟದಲ್ಲಿ ಕೆಂಪಗೆ ಬರೆದಿರುತ್ತೆ, ಅದರಲ್ಲಿ ಮೀನು, ಮೊಟ್ಟೆ, ಹಾಲು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇರಲ್ಲ. ಸಂತೇಲಿ ಕಫ್ರಾವ್ ಅಂತ ಕಟ್ಟು ಕಟ್ಟು ಮಾರ್ತಾರಲ್ಲ ಅದು ನಮ್ಮ ತುಳಸಿ ಜಾತೀನೇ, ಅಮ್ಮ ಒಂದು ಕಟ್ಟು ತಗೊಂಡು ಕಣ್ಣಿಗೆ ಒತ್ಕೊಂಡು ಪೂಜೆಗೆ ಇಟ್ರು. ಅಪ್ಪ ಅಂಗಡಿ ಅಂಗಡೀಲಿ ತೆಂಗಿನಕಾಯಿ ಕುಲುಕಿ ಕುಲುಕಿ ನೋಡೋರು, ತಿಪಟೂರಿನವರಲ್ವಾ.

ಸಣ್ಣ ಬೋಟಲ್ಲಿ ಆರೇಳು ದಿನಕ್ಕೆ ಎಲ್ಲರಿಗೂ ಉಸಿರುಕಟ್ಟುತ್ತೆ, ಪ್ರೀತಿ ಎಷ್ಟೇ ಇದ್ರೂ. ನಡುವೆ ಒಂದು ರಾತ್ರಿ ಕೊ ಯಾವ್ ನೋಯ್‌ನಂಥ ಶಾಂತ ದ್ವೀಪದಲ್ಲಿ ಅವರಿಗೆ ರೂಮ್ ಮಾಡಿ, ಫ್ಯಾನ್ ಕೆಳಗೆ ಅಲುಗಾಡದ ಮಂಚದಲ್ಲಿ ನಿದ್ದೆ, ಧಾರಾಳವಾಗಿ ಸ್ನಾನ. ಇದು ಪ್ಲಾನಲ್ಲೇ ಇದೆ ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ಹೊರಗೆ ಹಾಕಿದ್ರು ಅಂತ ಮನಸ್ಸಿಗೆ ತಗೊಂತಾರೆ. ಖರ್ಚಿನ ವಿಷಯದಲ್ಲಿ ಅಪ್ಪ ತರಕಾರಿ ದುಡ್ಡು ನಾನು ಕೊಡ್ತೀನಿ ಅಂದ್ರೆ ಕೊಡಲಿ, ತಡೀಬೇಡಿ.

ಮೊದಲ ಚಿಕಿತ್ಸೆ ಡಬ್ಬದಲ್ಲಿ ಒಂದು ಲೀಟರ್ ಬಿಳಿ ವಿನೆಗರ್ ಇರಲೇಬೇಕು, ಇಲ್ಲಿ ಬಾಕ್ಸ್ ಜೆಲ್ಲಿಫಿಶ್ ಇದಾವೆ, ಕುಟುಕಿದ ಜಾಗಕ್ಕೆ ಉಜ್ಜದೆ ಅದನ್ನ ಸುರೀಬೇಕು, ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಸನ್‌ಸ್ಕ್ರೀನಲ್ಲಿ ಆಕ್ಸಿಬೆನ್‌ಜೋನ್ ಇದ್ರೆ ಇಲ್ಲಿಯ ಸಮುದ್ರ ಪಾರ್ಕುಗಳಲ್ಲಿ 2021ರಿಂದ ನಿಷೇಧ, ಊರಿಂದ ತರೋ ಮುಂಚೆ ಟ್ಯೂಬ್ ಹಿಂದೆ ಓದ್ಕೊಳ್ಳಲಿ.

ಕೊನೇ ಎರಡು ದಿನ ಮರಿನಾದಲ್ಲಿ ಉಪ್ಪು ಹಿಡಿದ ಬಟ್ಟೆ ಎಲ್ಲಾ ಸಿಹಿನೀರಲ್ಲಿ ಒಗೆದು ಒಣಗಿಸಿ ಕಟ್ಟಿ, ಉಪ್ಪಿದ್ರೆ ಬ್ಯಾಗೊಳಗೆ ತೇವ ಹಿಡಿದು ನಾರುತ್ತೆ. ಪವರ್‌ಬ್ಯಾಂಕ್ ಕೈ ಬ್ಯಾಗಿಗೆ. ಮುಂದಿನ ಸಲ ಬರೋ ದಿನಾನೂ ಆಗಲೇ ಕೂತು ನೋಡ್ಕೊಂಡ್ಬಿಡಿ, ನಮ್ಮಪ್ಪ ಫೆಬ್ರವರಿಯ ಅಷ್ಟಮಿಗೆ ಪಂಚಾಂಗದಲ್ಲಿ ಪೆನ್ಸಿಲ್ ಗುರುತು ಹಾಕ್ಕೊಂಡೇ ಹೊರಟಿದ್ದು.