ಎಲ್ಫ್ ಆಡ್ತೀರಾ? ಕತ್ತಿಗಿಂತ ಮೊದಲು ಬಿಲ್ಲು

ಪಾತ್ರ ವಹಿಸಿ ದಾಳ ಉರುಳಿಸುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಮೊದಲ ಸಲ ವುಡ್ ಎಲ್ಫ್ (ಕಾಡಿನ ಎಲ್ಫ್ ಕುಲದ ಪಾತ್ರ) ಆಡುವವರಿಗೆ ಒಂದು ಮಾತು. 2014ರ ನಿಯಮದಲ್ಲಿ ಈ ಎಲ್ಫ್‌ಗೆ ಲಾಂಗ್‌ಸ್ವೋರ್ಡ್ ತರಬೇತಿ ಹುಟ್ಟಿನಿಂದಲೇ ಬರುತ್ತದೆ. ನಾನೂ ಖುಷಿಯಿಂದ ಅದನ್ನೇ ಹಿಡಿದೆ. ಆದರೆ ಆ ಕತ್ತಿ ನಡೆಯುವುದು ಸ್ಟ್ರೆಂತ್ (ಪಾತ್ರದ ತೋಳ್ಬಲದ ಅಂಕ) ಮೇಲೆ, ಎಲ್ಫ್‌ಗೆ ಸಿಗುವ +2 ಡೆಕ್ಸ್ಟೆರಿಟಿಗೆ (ಚುರುಕುತನದ ಅಂಕ). ಮೂರು ಸುತ್ತು ಸುಮ್ನೆ ಗಾಳಿಗೆ ಬೀಸಿದ್ದೇ ಬಂತು!

ಲಾಂಗ್‌ಬೋ ತಗೊಳ್ಳಿ. ಎಂಟು ಮುಖದ ದಾಳದಷ್ಟು ಪೆಟ್ಟು, 150 ಅಡಿವರೆಗೆ ಸಲೀಸು. ಒಂದು ಸರದಿಗೆ ನೀವು 35 ಅಡಿ ಓಡಬಹುದು, ಎದುರಿನ ಕುಳ್ಳ ರಾಕ್ಷಸ ಗಾಬ್ಲಿನ್ 30 ಅಡಿ. ಹಾಗಾಗಿ ಮರದ ಮರೆಯಿಂದ ಬಾಣ ಬಿಡಿ, ಹಿಂದೆ ಸರಿಯಿರಿ. ಶತ್ರು 5 ಅಡಿಯೊಳಗೆ ಬಂದರೆ ಬಾಣ ತಾಗುತ್ತದೋ ನೋಡಲು ಎರಡು ದಾಳ ಉರುಳಿಸಿ ಕಡಿಮೆ ಬಂದದ್ದನ್ನೇ ಲೆಕ್ಕ ಹಿಡಿಯಬೇಕು. ಆಗ ಶಾರ್ಟ್‌ಸ್ವೋರ್ಡ್ ಎಳೆಯಿರಿ, ಅದು ಡೆಕ್ಸ್ಟೆರಿಟಿ ಮೇಲೂ ನಡೆಯುತ್ತದೆ.

ಮೈಗೆ ಸ್ಟಡೆಡ್ ಲೆದರ್ (ಮೊಳೆ ಹೊಡೆದ ತೊಗಲಿನ ಕವಚ) ಸಾಕು, 45 ಚಿನ್ನದ ನಾಣ್ಯ. ಚೈನ್‌ಮೇಲ್ (ಲೋಹದ ಬಳೆಗಳ ಕವಚ) ಹಾಕಿಕೊಂಡು ಅಡಗಲು ಹೋದರೆ ಝಣಝಣ ಸದ್ದು, ಗೊತ್ತಲ್ವಾ?

ಇನ್ನೊಂದು, ಜಾಸ್ತಿ ಜನ ಮರೆಯುವುದು: ಕಾದಾಟ ಮುಗಿದ ಮೇಲೆ ಒಂದು ನಿಮಿಷ ಹುಡುಕಿದರೆ ಬಿಟ್ಟ ಬಾಣಗಳಲ್ಲಿ ಅರ್ಧ ವಾಪಸ್ ಸಿಗುತ್ತವೆ. ಆಟ ನಡೆಸುವ ಡಿಎಂಗೆ (ಡಂಜನ್ ಮಾಸ್ಟರ್) ಬಾಯಿಬಿಟ್ಟು ಹೇಳಿ.